ಸ್ಟೀಲ್ ಗಿಟಾರ್ ನುಡಿಸುವವರು ನಮ್ಮ ಕಡೆ ಸಿಗ್ತಾರಾ?

ಪ್ರಶ್ನೆ: ಸರ್, ನಾನು ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದೇನೆ. ವಯಸ್ಸು 34. ಮೂರು ವರ್ಷದ ಹಿಂದೆ ಆರು ತಂತಿಯ ಲ್ಯಾಪ್ ಸ್ಟೀಲ್ ಗಿಟಾರ್ (ತೊಡೆ ಮೇಲೆ ಮಲಗಿಸಿ, ತಂತಿಯ ಮೇಲೆ ಬಾರ್ ಅನ್ನುವ ಲೋಹದ ತುಂಡು ಜಾರಿಸಿ ನುಡಿಸುವುದು) ತರಿಸಿಕೊಂಡು, ವಿಡಿಯೊ ನೋಡಿಕೊಂಡು ಕಲಿಯುತ್ತಿದ್ದೇನೆ. ಜೊತೆಗೆ ಕೂತು ನುಡಿಸಲು ಒಬ್ಬರೂ ಇಲ್ಲ. ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಕೇಳಿದರೆ ‘ಸ್ಟೀಲ್ ಗಿಟಾರಾ? ಕೇಳೇ ಇಲ್ಲ’ ಅಂದರು. ಹಾಸನ, ಚಿಕ್ಕಮಗಳೂರು ಕಡೆ ಯಾರಾದರೂ ಇದ್ದಾರಾ? ಹುಡುಕುವುದು ಹೇಗೆ? ಇಲ್ಲ, ಇದನ್ನು ಮಾರಿ ಸಾದಾ ಗಿಟಾರ್ ಹಿಡಿಯುವುದೇ ಒಳ್ಳೆಯದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಾರಬೇಡಿ. ಮೂರು ವರ್ಷ ಒಬ್ಬರೇ ಕೂತು ಬಾರ್ ಹಿಡಿದಿದ್ದೀರಿ ಅಂದರೆ ಕಷ್ಟದ ಭಾಗ ಆಗಲೇ ದಾಟಿದ್ದೀರಿ.

ಜೊತೆಗಾರರು ಇದ್ದಾರೆ. ನಾನು ಹಾಸನದಲ್ಲಿ ಈ ವಾದ್ಯ ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ಮೊದಲ ಆರು ವರ್ಷ ನನಗೂ ಒಬ್ಬರೂ ಸಿಕ್ಕಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಸಿಕ್ಕರು. ಹಾಗೆ ಸಿಕ್ಕವರಲ್ಲಿ ಹೆಚ್ಚಿನವರ ಗಿಟಾರ್ ಅಟ್ಟದ ಮೇಲೋ ಮಂಚದ ಕೆಳಗೋ ಇತ್ತು. ಅದಕ್ಕೇ ಹೇಳುತ್ತೇನೆ, ಹಿಂದೆ ನುಡಿಸಿ ಬಿಟ್ಟವರನ್ನು ಹುಡುಕಿ. ಈಗ ನುಡಿಸುತ್ತಿರುವವರು ಅವರ ಮೂಲಕವೇ ಸಿಗುತ್ತಾರೆ.

ನಿಮ್ಮ ಅಂಗಡಿಯವರ ಮಾತು ಕೇಳಿ ನನಗೆ ಆಶ್ಚರ್ಯ ಆಗಲಿಲ್ಲ. ಹಿಂದೆ ನಾನೂ ‘ಸ್ಟೀಲ್ ಗಿಟಾರ್ ನುಡಿಸುವವರು ಇದ್ದರೆ ಸಂಪರ್ಕಿಸಿ’ ಅಂತ ಒಂದು ಚೀಟಿ ಬರೆದು ಪರಿಚಯದ ಅಂಗಡಿಯಲ್ಲಿ ಅಂಟಿಸಿದ್ದೆ. ಮೂರ್ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಫೋನ್ ಮಾಡಿದವರೆಲ್ಲ ಸ್ಟೀಲ್ ತಂತಿ ಹಾಕಿದ ಸಾದಾ ಗಿಟಾರ್ ನುಡಿಸುವ ಕಾಲೇಜು ಹುಡುಗರು. ಚೀಟಿಯಲ್ಲಿ ಬರೆದ ಹೆಸರು ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟಲೇ ಇಲ್ಲ. ಯಾಕಂದರೆ ನಮ್ಮ ಕಡೆ ಅರವತ್ತು ದಾಟಿದವರಿಗೆ ಇದು ‘ಹವಾಯಿಯನ್ ಗಿಟಾರ್’. ಅಂಥವರ ಮುಂದೆ ಲ್ಯಾಪ್ ಸ್ಟೀಲ್ ಅಂದರೆ ಬೇರೆ ಯಾವುದೋ ವಾದ್ಯ ಅಂದುಕೊಳ್ಳುತ್ತಾರೆ. ಹಿಂದೂಸ್ತಾನಿ ಕಡೆಯವರು ಸ್ಲೈಡ್ ಗಿಟಾರ್ ಅನ್ನುತ್ತಾರೆ, ಮೋಹನ ವೀಣೆ ಅನ್ನುತ್ತಾರೆ. ಬ್ಯಾಂಡಿನ ಹುಡುಗರು ಸ್ಲೈಡ್ ಅಂದರೆ ಗಿಟಾರನ್ನು ಮಾಮೂಲಿನಂತೆ ಹಿಡಿದು ಬೆರಳಿಗೆ ಗಾಜಿನ ಕೊಳವೆ ಹಾಕಿಕೊಂಡು ನುಡಿಸುವುದು ಅಂತ ತಿಳಿಯುತ್ತಾರೆ. ಅದು ನಮ್ಮದಕ್ಕೆ ದೂರದ ನೆಂಟ, ಅಷ್ಟೇ. ಹಾಗಾಗಿ ಮುಂದೆ ಯಾರನ್ನು ಕೇಳಿದರೂ ಹೆಸರು ಹೇಳುವ ಬದಲು ನುಡಿಸುವ ರೀತಿ ಹೇಳಿ: ‘ಗಿಟಾರನ್ನು ತೊಡೆ ಮೇಲೆ ಅಡ್ಡ ಮಲಗಿಸಿ, ಮೇಲೆ ಕಬ್ಬಿಣದ ರಾಡ್ ಜಾರಿಸಿ ನುಡಿಸ್ತಾರಲ್ಲ, ಅದು.’ ‘ಓ, ಅದಾ!’ ಅನ್ನುವವರು ಎಷ್ಟು ಜನ ಅಂತ ನೀವೇ ನೋಡುತ್ತೀರಿ.

ನನಗೆ ಮೊದಲನೆಯವರು ಸಿಕ್ಕಿದ್ದನ್ನು ಹೇಳಬೇಕು. ತಂತಿ ಕೊಳ್ಳಲು ಹೋಗಿದ್ದೆ. ಜೇಬಿನಲ್ಲಿದ್ದ ಬಾರನ್ನು ಗಾಜಿನ ಕೌಂಟರ್ ಮೇಲಿಟ್ಟು ದುಡ್ಡು ಎಣಿಸುತ್ತಿದ್ದೆ. ಪಕ್ಕದಲ್ಲಿ ಮೊಮ್ಮಗಳಿಗೆ ಕೀಬೋರ್ಡ್ ನೋಡಲು ಬಂದಿದ್ದ ಒಬ್ಬ ಹಿರಿಯರು ನಿಂತಿದ್ದರು. ಅವರು ಏನೂ ಕೇಳಲಿಲ್ಲ. ಬಾರನ್ನು ಎತ್ತಿಕೊಂಡರು. ಹೆಬ್ಬೆರಳು ಮತ್ತು ನಡುಬೆರಳಿನ ನಡುವೆ ಇಟ್ಟು ತೋರುಬೆರಳನ್ನು ಅದರ ಬೆನ್ನ ಮೇಲೆ ಚಾಚಿದರು. ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಹಿಂದಕ್ಕೆ ಇಳಿಬಿಟ್ಟು ಕೌಂಟರಿನ ಗಾಜನ್ನು ಮೆಲ್ಲಗೆ ಸವರಿದರು. ಆ ಎರಡು ಬೆರಳು ಹಾಗೆ ಹಿಂದೆ ಬರುವುದು ಬಾರಿನ ಹಿಂದಿನ ತಂತಿಯ ಗುಂಯ್‌ಗುಟ್ಟುವಿಕೆ ಅಡಗಿಸಲು. ನುಡಿಸಿ ಗೊತ್ತಿಲ್ಲದವರು ಆ ಬೆರಳುಗಳನ್ನು ಮಡಚಿಕೊಂಡೇ ಇರುತ್ತಾರೆ. ನನಗೆ ಎದೆ ಧಸಕ್ ಅಂತು. ‘ಸರ್, ನೀವು ನುಡಿಸ್ತೀರಾ?’ ಅಂದೆ. ‘ಇಲ್ಲಪ್ಪ, ಬಿಟ್ಟು ಹದಿನೆಂಟು ವರ್ಷ ಆಯ್ತು’ ಅಂದರು. ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಅಟ್ಟದಿಂದ ಹಳೇ ಜಮಖಾನದಲ್ಲಿ ಸುತ್ತಿದ್ದ ಗಿಟಾರ್ ಇಳಿಸಿದೆವು. ಪಿಟೀಲಿಗೆ ಇರುವಂಥ ಎಫ್ ಆಕಾರದ ಎರಡು ತೂತು, ಎತ್ತರದ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ). ತಂತಿ ತುಕ್ಕು ಹಿಡಿದು ಎರಡು ತುಂಡಾಗಿದ್ದವು. ನನ್ನ ಚೀಲದಲ್ಲಿ ಹೊಸ ತಂತಿ ಇತ್ತು. ಹಾಕಿ ಕೊಟ್ಟೆ. ಆಮೇಲೆ ಅವರು ತೀರಿಕೊಳ್ಳುವವರೆಗೆ ಹನ್ನೊಂದು ವರ್ಷ, ತಿಂಗಳಿಗೆ ಒಂದು ಸಲವಾದರೂ ಜೊತೆಗೆ ಕೂತಿದ್ದೇವೆ. ಬಾರನ್ನು ಫ್ರೆಟ್, ಅಂದರೆ ಮೆಟ್ಟಿಲಿನ, ಗೆರೆಯ ಹಿಂದೆ ಅಲ್ಲ, ನೇರ ಮೇಲೆ ನಿಲ್ಲಿಸಬೇಕು ಅನ್ನುವುದನ್ನು ನನ್ನ ಕೈ ಹಿಡಿದು ತಿದ್ದಿದವರು ಅವರೇ. ಅಲ್ಲಿಯವರೆಗೆ ಆರು ವರ್ಷ ನಾನು ಕೂದಲೆಳೆಯಷ್ಟು ತಗ್ಗಿಸಿಯೇ ನುಡಿಸುತ್ತಿದ್ದೆ, ಹೇಳುವವರು ಯಾರೂ ಇರಲಿಲ್ಲ. ಜೊತೆ ಯಾಕೆ ಬೇಕು ಅಂದರೆ ಇದಕ್ಕೇ ಬೇಕು.

ಇಷ್ಟೊಂದು ಜನ ಯಾಕೆ ಬಿಟ್ಟರು ಅನ್ನುವುದು ಗೊತ್ತಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಈ ನುಡಿಸುವ ಕ್ರಮ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ, 19ನೇ ಶತಮಾನದ ಕೊನೆಗೆ. ಜೋಸೆಫ್ ಕೆಕುಕು ಅನ್ನುವವರ ಹೆಸರನ್ನು ಎಲ್ಲರೂ ಹೇಳುತ್ತಾರೆ. 1940ರ ದಶಕದಲ್ಲಿ ಟಾವ್ ಮೋ ಎಂಬ ಕಲಾವಿದರು ಕುಟುಂಬದ ಜೊತೆ ಕೋಲ್ಕತ್ತದಲ್ಲಿ ಇದ್ದರು. ಅಲ್ಲಿಂದ ಬಂಗಾಳದಲ್ಲಿ ಈ ಗಿಟಾರ್ ಮನೆಮನೆಗೂ ಹೊಕ್ಕಿತು. ಆಮೇಲೆ ವ್ಯಾನ್ ಶಿಪ್ಲೆ, ಹಜಾರಾ ಸಿಂಗ್, ಸುನಿಲ್ ಗಂಗೂಲಿ ಅಂಥವರು ಸಿನಿಮಾ ಹಾಡುಗಳನ್ನು ಇದರಲ್ಲಿ ನುಡಿಸಿದ ರೆಕಾರ್ಡುಗಳು ದೇಶದ ತುಂಬ ಹರಡಿದವು. ಇನ್ನೊಂದು ಕಡೆ ಬೃಜಭೂಷಣ ಕಾಬ್ರಾ ಇದನ್ನು ಶಾಸ್ತ್ರೀಯ ಸಂಗೀತಕ್ಕೆ ತಂದರು. ವಿಶ್ವಮೋಹನ ಭಟ್ ಇದಕ್ಕೆ ತಾವಾಗಿಯೇ ಮಿಡಿಯುವ ತರಬಿನ ತಂತಿಗಳನ್ನು ಸೇರಿಸಿ ಮೋಹನ ವೀಣೆ ಮಾಡಿದರು, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ನಮ್ಮ ಜಿಲ್ಲೆಗಳಿಗೆ ಇದು ಬಂದಿದ್ದು ಶಾಸ್ತ್ರೀಯದ ದಾರಿಯಲ್ಲಲ್ಲ, ರೆಕಾರ್ಡು, ರೇಡಿಯೊ ಮತ್ತು ಆರ್ಕೆಸ್ಟ್ರಾದ ದಾರಿಯಲ್ಲಿ. ನನಗೆ ಸಿಕ್ಕ ಹಿರಿಯರೆಲ್ಲ ಹೇಳುವ ಕಥೆ ಒಂದೇ. ಆರ್ಕೆಸ್ಟ್ರಾದಲ್ಲಿ ಒಂದು ಹವಾಯಿಯನ್ ಗಿಟಾರ್ ಇರುತ್ತಿತ್ತು. ಎಲೆಕ್ಟ್ರಾನಿಕ್ ಕೀಬೋರ್ಡ್ ಬಂತು. ಒಬ್ಬನೇ ಕೂತು ಪಿಟೀಲು, ಕೊಳಲು, ಗಿಟಾರ್ ಎಲ್ಲದರ ದನಿ ಹೊರಡಿಸುವಾಗ ಬೇರೆಯವರಿಗೆ ಯಾಕೆ ಸಂಭಾವನೆ ಕೊಡಬೇಕು ಅಂತ ಆಯಿತು. ಗಿಟಾರ್ ಅಟ್ಟ ಸೇರಿತು.

ಆದ್ದರಿಂದ ಮೊದಲು ಹೋಗಬೇಕಾದದ್ದು ರಸಮಂಜರಿ ತಂಡಗಳ ಹತ್ತಿರ. ಗಣಪತಿ ಹಬ್ಬದ ಸಮಯದಲ್ಲಿ ಎರಡೂ ಜಿಲ್ಲೆಯಲ್ಲಿ ಕಾರ್ಯಕ್ರಮಗಳು ಸಾಲಾಗಿ ಇರುತ್ತವೆ, ಅರಸೀಕೆರೆಯಂಥ ಊರಲ್ಲಿ ಪೆಂಡಾಲಿನ ಮುಂದೆ ವಾರಗಟ್ಟಲೆ ನಡೆಯುತ್ತದೆ. ಕಾರ್ಯಕ್ರಮ ಮುಗಿದು ವೈರ್ ಸುತ್ತುವ ಹೊತ್ತಿಗೆ ಹೋಗಿ. ಗಾಯಕರನ್ನು ಬಿಡಿ, ಅವರ ಸುತ್ತ ಫೋಟೊ ತೆಗೆಸಿಕೊಳ್ಳುವವರು ಇರುತ್ತಾರೆ. ತಂಡದಲ್ಲಿ ವಯಸ್ಸಾದ ತಬಲಾದವರೋ ಡೋಲಕ್‌ನವರೋ ಕೀಬೋರ್ಡಿನವರೋ ಇದ್ದರೆ ಅವರನ್ನು ಮಾತಾಡಿಸಿ. ‘ನೀವು ಶುರು ಮಾಡಿದ ಕಾಲದಲ್ಲಿ ತಂಡದಲ್ಲಿ ಹವಾಯಿಯನ್ ಗಿಟಾರ್ ಯಾರು ನುಡಿಸ್ತಿದ್ರು ಸರ್?’ ಅಂತ ಕೇಳಿ. ಅವರಿಗೆ ಹೆಸರು ನೆನಪಿರುತ್ತದೆ, ಮನೆಯೂ ಗೊತ್ತಿರುತ್ತದೆ. ಇಂಥ ಒಂದು ಪ್ರಶ್ನೆಯಿಂದ ನನಗೆ ಸಕಲೇಶಪುರದಲ್ಲಿ ಒಬ್ಬರು, ಕಡೂರಿನಲ್ಲಿ ಒಬ್ಬರು ಸಿಕ್ಕಿದ್ದಾರೆ.

ಎರಡನೆಯದು ರಿಪೇರಿ ಮಾಡುವವರು. ಅಂಗಡಿಯ ಮುಂದೆ ಕೂರುವ ಮಾಲೀಕರಿಗಿಂತ ಹಿಂದೆ ಕೂತು ತಬಲಾ ಮುಚ್ಚಿಗೆ ಹಾಕುವವರಿಗೆ, ಹಾರ್ಮೋನಿಯಂ ರಿಪೇರಿ ಮಾಡುವವರಿಗೆ ಜಾಸ್ತಿ ಗೊತ್ತಿರುತ್ತದೆ. ಅವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ‘ಯಾರಿಗಾದರೂ ಗಿಟಾರಿನ ನಟ್ ಎತ್ತರಿಸಿ ಕೊಟ್ಟಿದ್ದೀರಾ?’ ತಂತಿ ಫ್ರೆಟ್ಟಿಗೆ ತಾಗದ ಹಾಗೆ ಮೇಲೆತ್ತಿಸುವ ಕೆಲಸ ಬೇಕಾಗುವುದು ನಮ್ಮಂಥವರಿಗೆ ಮಾತ್ರ. ಹೌದು ಅಂದರೆ ಅಲ್ಲೊಬ್ಬರು ಇದ್ದಾರೆ ಅಂತಲೇ ಅರ್ಥ.

ಚರ್ಚುಗಳನ್ನು ಮರೆಯಬೇಡಿ. ಎರಡೂ ಊರಲ್ಲಿ ಹಳೆಯ ಕ್ರೈಸ್ತ ಕುಟುಂಬಗಳಿವೆ, ಮನೆಯಲ್ಲಿ ಎರಡು ಮೂರು ತಲೆಮಾರಿನಿಂದ ಗಿಟಾರ್ ಇರುವವರಿದ್ದಾರೆ. ಭಾನುವಾರದ ಪೂಜೆ ಮುಗಿದ ಮೇಲೆ ಗಾಯನವೃಂದದ ಹಿರಿಯರನ್ನು ಕೇಳಿ ನೋಡಿ. ಹಾಸನದಲ್ಲಿ ಆಕಾಶವಾಣಿ ಕೇಂದ್ರ ಇದೆ. ಸುಗಮ ಸಂಗೀತಕ್ಕೆ ಪಕ್ಕವಾದ್ಯ ನುಡಿಸಲು ಬರುವವರಿಗೆ ಸುತ್ತಮುತ್ತಲಿನ ಕಲಾವಿದರ ಪರಿಚಯ ಚೆನ್ನಾಗಿರುತ್ತದೆ. ಅವರಲ್ಲಿ ಒಬ್ಬರ ಸ್ನೇಹವಾದರೆ ಸಾಕು.

ಇನ್ನು ನೀವು ಮಾಡದೇ ಇರುವ ಒಂದು ಕೆಲಸ ಇದೆ ಅಂತ ಪತ್ರ ಓದಿದಾಗಲೇ ಅನಿಸಿತು. ಮೂರು ವರ್ಷದಲ್ಲಿ ನೀವು ಮನೆಯಿಂದಾಚೆ ಒಂದು ಸಲವಾದರೂ ನುಡಿಸಿದ್ದೀರಾ? ಈ ವಾದ್ಯದ ದನಿ ಒಮ್ಮೆ ಕೇಳಿದವರು ಮರೆಯುವುದಿಲ್ಲ. ಎಸ್ಟೇಟಿನ ಆಯುಧ ಪೂಜೆಯೋ, ಶಾಲೆಯ ರಾಜ್ಯೋತ್ಸವವೋ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಯಾರದೋ ಭಾವಗೀತೆ ಕಾರ್ಯಕ್ರಮವೋ, ಎಲ್ಲಾದರೂ ಸರಿ, ಹತ್ತು ನಿಮಿಷ ಕೇಳಿ ಪಡೆದು ಊರಿಗೆಲ್ಲ ಗೊತ್ತಿರುವ ಎರಡು ಭಾವಗೀತೆ ನುಡಿಸಿ. ಚೆನ್ನಾಗಿ ಬರಬೇಕು, ಆಮೇಲೆ ನುಡಿಸೋಣ ಅಂತ ಕಾಯಬೇಡಿ. ಮುಗಿದ ಮೇಲೆ ವೇದಿಕೆಯ ಹತ್ತಿರವೇ ಅರ್ಧ ಗಂಟೆ ನಿಂತಿರಿ. ‘ನಮ್ಮ ಚಿಕ್ಕಪ್ಪ ಇದನ್ನ ನುಡಿಸ್ತಿದ್ರು’ ಅನ್ನುವವರು ಒಬ್ಬರಾದರೂ ಬರುತ್ತಾರೆ, ನನಗೆ ಹೆಚ್ಚುಕಡಿಮೆ ಪ್ರತಿ ಸಲವೂ ಬಂದಿದ್ದಾರೆ. ಆ ಚಿಕ್ಕಪ್ಪನ ವಿಳಾಸ ತಗೊಳ್ಳಿ. ವಿಡಿಯೊ ಹಾಕುವುದಾದರೆ ಒಂದು ನಿಮಿಷದ್ದು ಸಾಕು, ಆದರೆ ಹೆಸರು ಕನ್ನಡದಲ್ಲೇ ಇರಲಿ, ‘ಹವಾಯಿಯನ್ ಗಿಟಾರ್, ಚಿಕ್ಕಮಗಳೂರು’ ಅಂತ ಊರಿನ ಸಮೇತ.

ಅಟ್ಟದ ಗಿಟಾರಿನವರ ಮನೆಗೆ ಹೋಗುವಾಗ ಒಂದು ಸೆಟ್ ಹೊಸ ತಂತಿ ತಗೊಂಡೇ ಹೋಗಿ. ಇದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು. ‘ಎಲ್ಲ ಮರೆತು ಹೋಗಿದೆ ಬಿಡಿ’ ಅಂತ ಅವರು ಹೇಳಿಯೇ ಹೇಳುತ್ತಾರೆ. ವಾದ ಮಾಡಬೇಡಿ, ತಂತಿ ಹಾಕಿ ಕೊಡಿ. ಆದರೆ ಹುಷಾರು. ಮಲೆನಾಡಿನ ಥಂಡಿಗೆ ನಲವತ್ತು ಐವತ್ತು ವರ್ಷ ಇದ್ದ ಗಿಟಾರಿನ ಅಂಟು ಸಡಿಲವಾಗಿರುತ್ತದೆ. ಬೆನ್ನಿನ ಹಲಗೆಯನ್ನು ಗೆಣ್ಣಿನಿಂದ ತಟ್ಟಿ ನೋಡಿ. ಬಡಬಡ ಅಂದರೆ ಒಳಗಿನ ಪಟ್ಟಿ ಬಿಟ್ಟಿದೆ, ತಂತಿ ಬಿಗಿಯುವ ಮೊದಲು ರಿಪೇರಿಗೆ ಕೊಡಿ. ಗಟ್ಟಿಯಾಗಿದ್ದರೆ ಸಾದಾ ಗಿಟಾರಿನ 12 ಗೇಜ್ ದಪ್ಪದ ತಂತಿ ಸೆಟ್ ಹಾಕಿ ಓಪನ್ ಡಿ ಶ್ರುತಿಗೆ ತನ್ನಿ, ದಪ್ಪ ತಂತಿಯಿಂದ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಮಾಮೂಲಿ ಗಿಟಾರ್ ಶ್ರುತಿಗಿಂತ ಇದರಲ್ಲಿ ಯಾವ ತಂತಿಯೂ ಮೇಲೇರುವುದಿಲ್ಲ, ಹಾಗಾಗಿ ಹಳೇ ಮರಕ್ಕೆ ಭಾರ ಬೀಳುವುದಿಲ್ಲ. ಡೋಬ್ರೊ (ಒಳಗೆ ಲೋಹದ ತಟ್ಟೆ ಇರುವ ಗಿಟಾರ್) ನುಡಿಸುವವರ ಓಪನ್ ಜಿ ಶ್ರುತಿ ಮಾಡಲು ಹೋಗಬೇಡಿ. ಅದರಲ್ಲಿ ಆರನೇ ತಂತಿ ಇ ಇಂದ ಜಿ ವರೆಗೆ, ಐದನೆಯದು ಎ ಇಂದ ಬಿ ವರೆಗೆ ಏರಬೇಕು. ಸಾದಾ ಸೆಟ್ಟಿನಲ್ಲಿ ಹಾಗೆ ಮಾಡಿದರೆ ಹೋಗುವುದು ಬರೀ ತಂತಿ ಅಲ್ಲ, ತಂತಿ ಕೂರುವ ಬ್ರಿಡ್ಜೂ ಕಿತ್ತು ಬರಬಹುದು. ಹಳಬರು ಕೆಲವರು ಓಪನ್ ಇ ಅಭ್ಯಾಸದವರು ಇರುತ್ತಾರೆ. ಅವರಿಗೆ ತೊಂದರೆ ಇಲ್ಲ, ಕೈ ಹಿಡಿತ ಅದೇ, ಎಲ್ಲ ಒಂದು ಸ್ವರ ಕೆಳಗೆ ಅಷ್ಟೇ.

ನೀವು ವಿಡಿಯೊ ನೋಡಿ ಕಲಿತಿದ್ದೀರಿ ಅಂದಮೇಲೆ ಬಹುಶಃ ಸಿ6 ಶ್ರುತಿಯಲ್ಲಿರುತ್ತೀರಿ. ಅಂದರೆ ಸಿ, ಇ, ಜಿ, ಎ, ಸಿ, ಇ. ಇದನ್ನು ನಮ್ಮ ಸ್ವರದಲ್ಲಿ ಹೇಳಿಕೊಳ್ಳಿ: ಸ, ಗ, ಪ, ದ, ಸ, ಗ. ಏನು ಕಾಣಿಸಿತು? ಮೋಹನ ರಾಗದ ಐದು ಸ್ವರದಲ್ಲಿ ನಾಲ್ಕು ಬರೀ ತಂತಿಯಲ್ಲೇ ಇವೆ. ರಿಷಭ ಒಂದನ್ನು ಎರಡನೇ ಫ್ರೆಟ್ಟಿನಲ್ಲಿ ಹಿಡಿದರೆ ರಾಗ ಪೂರ್ತಿ. ಇಬ್ಬರು ಮೊದಲ ಸಲ ಕೂತಾಗ ಮೋಹನದಿಂದಲೇ ಶುರು ಮಾಡಿ. ಅವರು ಡಿ ಯಲ್ಲಿದ್ದರೆ ನೀವು ಬಾರನ್ನು ಎರಡನೇ ಫ್ರೆಟ್ಟಿಗೆ ತಂದರೆ ಅದೇ ಷಡ್ಜ ಸಿಗುತ್ತದೆ, ಶ್ರುತಿ ಬದಲಿಸುವುದು ಬೇಡ. ಹಿಂದೆ ಡಿ ಗೆ ಶ್ರುತಿ ಪೆಟ್ಟಿಗೆ ಇಟ್ಟುಕೊಳ್ಳಿ, ಫೋನಿನ ತಂಬೂರಿಯಾದರೂ ನಡೆಯುತ್ತದೆ. ಒಂದು ಎಚ್ಚರಿಕೆ: ಎರಡು ಸ್ಟೀಲ್ ಗಿಟಾರ್ ಒಂದೇ ಸಾಲನ್ನು ಒಟ್ಟಿಗೆ ನುಡಿಸಿದರೆ ಕಿವಿಗೆ ಹಿಂಸೆ. ಇಬ್ಬರ ಬಾರೂ ಒಂದೇ ಜಾಗದಲ್ಲಿ ನಿಲ್ಲುವುದು ವರ್ಷಗಟ್ಟಲೆ ಜೊತೆಗೆ ನುಡಿಸಿದ ಮೇಲೆ ಬರುವ ಮಾತು. ಒಬ್ಬರು ಹಾಡು ನುಡಿಸಲಿ, ಇನ್ನೊಬ್ಬರು ಸ ಪ ಹಿಡಿದು ನಿಲ್ಲಲಿ, ಆಮೇಲೆ ಅದಲುಬದಲು.

ಸ್ಟೀಲ್ ಗಿಟಾರಿನವರೇ ಬೇಕು ಅಂತ ಹಟ ಹಿಡಿಯುವುದೂ ಬೇಡ. ನನ್ನ ಕೈಗೆ ಗಮಕ ಬಂದದ್ದು ನಮ್ಮ ಬೀದಿಯ ವೀಣೆ ಮೇಷ್ಟರಿಂದ. ಅವರು ಒಂದು ಸಾಲು ಹಾಡುವರು, ನಾನು ಬಾರಿನಲ್ಲಿ ಹಾಗೇ ಎಳೆಯಬೇಕು. ಕರ್ನಾಟಕ ಸಂಗೀತದಲ್ಲಿ ಗೋಟುವಾದ್ಯ ಇದೆಯಲ್ಲ, ಈಗ ಚಿತ್ರವೀಣೆ ಅನ್ನುತ್ತಾರೆ, ಅದಕ್ಕೆ ಮೆಟ್ಟಿಲೇ ಇಲ್ಲ, ತಂತಿಯ ಮೇಲೆ ಗೋಟು ಅನ್ನುವ ಉರುಟು ತುಂಡು ಜಾರಿಸಿಯೇ ನುಡಿಸುವುದು. ನಮ್ಮ ವಾದ್ಯಕ್ಕೆ ಅಷ್ಟು ಹತ್ತಿರದ ರಕ್ತಸಂಬಂಧಿ ಇನ್ನೊಂದಿಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣಕ್ಕೆ ಒಮ್ಮೆ ಹೋಗಿ ಬನ್ನಿ. ಕಾವೇರಿ ದಡದ ಪುಟ್ಟ ಊರು, ಆರ್.ಕೆ. ಶ್ರೀಕಂಠನ್ ಅವರ ಊರು, ತಂಬೂರಿ ಆಕಾರದ ಗುಡಿ ಇದೆ. ಸಂಗೀತೋತ್ಸವದ ದಿನಗಳಲ್ಲಿ ಹೋದರೆ ಇನ್ನೂ ಒಳ್ಳೆಯದು. ಕಛೇರಿ ಕೇಳಲು ಕೂತವರ ನಡುವೆ ಎಷ್ಟು ಜನ ವಾದ್ಯದವರು ಇರುತ್ತಾರೆ ಅಂತ ಊಟದ ಸಾಲಿನಲ್ಲಿ ಮಾತಾಡಿದಾಗ ಗೊತ್ತಾಗುತ್ತದೆ. ಹಿಂದೂಸ್ತಾನಿ ಕ್ರಮದ ಸ್ಲೈಡ್ ಗಿಟಾರ್ ಎದುರಿಗೇ ಕೂತು ಕೇಳಬೇಕಾದರೆ ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಅವರಂಥ ಕಲಾವಿದರಿದ್ದಾರೆ, ಅವರ ಕಛೇರಿ ಇದೆ ಅಂತ ಗೊತ್ತಾದರೆ ರಜೆ ಹಾಕಿ ಹೋಗಿ. ಪೆಡಲ್ ಸ್ಟೀಲ್, ಅದೇ ಹತ್ತು ತಂತಿ, ಕಾಲಿಗೆ ಪೆಡಲು, ಮೊಣಕಾಲಿಗೆ ಲಿವರ್ ಇರುವುದು, ಅದನ್ನು ನುಡಿಸುವವರು ನಮ್ಮ ಎರಡು ಜಿಲ್ಲೆಯಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ. ಅದರ ಆಸೆ ಸದ್ಯಕ್ಕೆ ಬೇಡ.

ಸಮಯದ ಮಾತು ನಿಮಗೆ ನಾನು ಹೇಳಬೇಕಿಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನಲ್ಲಿ ನಿಮ್ಮ ಕಡೆಯವರು ಯಾರೂ ಕೈಗೆ ಸಿಗುವುದಿಲ್ಲ. ಜೂನ್, ಜುಲೈ ಮಳೆಯಲ್ಲಿ ವಾದ್ಯ ಹೊತ್ತು ಬಸ್ಸಿನಲ್ಲಿ ಓಡಾಡುವುದು ಬೇಡ. ಆ ತಿಂಗಳುಗಳಲ್ಲಿ ಗಿಟಾರನ್ನು ಬಲ್ಬ್ ಉರಿಯುವ ಬಟ್ಟೆ ಬೀರುವಿನಲ್ಲಿ ಇಡುತ್ತೀರಿ ತಾನೇ? ಬಲ್ಬಿಗೆ ತೀರಾ ಹತ್ತಿರ ಇಡಬೇಡಿ. ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಬಾರನ್ನೂ ಒರೆಸಿ. ಬಾರಿನ ಮೇಲೆ ತುಕ್ಕಿನ ಒಂದು ಚುಕ್ಕೆ ಎದ್ದರೂ ತಂತಿಯ ಮೇಲೆ ಗರಗರ ಅನ್ನುತ್ತದೆ.

ಜಾಗದ ಬಗ್ಗೆ ಹೇಳುವುದಾದರೆ, ನಾವು ಕೆಲವರು ಸೇರುವುದು ಬೇಲೂರಿನಲ್ಲಿ. ನಿಮ್ಮ ಚಿಕ್ಕಮಗಳೂರಿನಿಂದ ಸುಮಾರು 25 ಕಿ.ಮೀ., ನಮಗೆ ಹಾಸನದಿಂದ 40ರ ಹತ್ತಿರ, ಎರಡೂ ಕಡೆಯಿಂದ ಬಸ್ಸಿಗೆ ಕೊರತೆ ಇಲ್ಲ. ನಮ್ಮಲ್ಲೊಬ್ಬರ ಅಕ್ಕನ ಮನೆಯ ಹಿಂದಿನ ವರಾಂಡ. ಅಕ್ಕನಿಗೆ ಸಂಗೀತ ಅಂದರೆ ಪ್ರಾಣ, ಕಾಫಿ ಎರಡು ಸುತ್ತು ಬರುತ್ತದೆ. ಬೆಳಗ್ಗೆ ಹತ್ತಕ್ಕೆ ಕೂತರೆ ಒಂದಕ್ಕೆ ಏಳುತ್ತೇವೆ. ನಿಮ್ಮದು ಎಲೆಕ್ಟ್ರಿಕ್ ಆಗಿದ್ದರೆ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ ತನ್ನಿ, ಭಾನುವಾರ ಕರೆಂಟನ್ನು ನಂಬುವ ಹಾಗಿಲ್ಲ. ನಮ್ಮ ಕಡೂರಿನ ಹಿರಿಯರಿಗೆ ಕಿವಿ ಸ್ವಲ್ಪ ಮಂದ, ಅವರ ಎಡಗಡೆ ಕೂತುಕೊಳ್ಳಿ. ನಿಮಗೆ ನಂಬರ್ ಬೇರೆಯಾಗಿ ಕಳಿಸುತ್ತೇನೆ. ಬರುವ ಮುಂಚೆ ಅಲ್ಲಿ ಆಲ್ದೂರಿನಲ್ಲೇ ನಾಲ್ಕು ಮನೆಯಲ್ಲಿ ‘ತೊಡೆ ಮೇಲೆ ಮಲಗಿಸಿ ನುಡಿಸುವ ಗಿಟಾರ್’ ಅಂತ ಕೇಳಿ ನೋಡಿ, ಯಾರಾದರೂ ಸಿಕ್ಕರೆ ಅವರನ್ನೂ ಕರೆದುಕೊಂಡು ಬನ್ನಿ. ಹೊಸ ತಂತಿಯ ಸೆಟ್ ನನ್ನ ಚೀಲದಲ್ಲಿ ಯಾವಾಗಲೂ ಒಂದು ಇರುತ್ತದೆ.